ಯಾವ ಮೈಕ್ರೋಸ್ಕೋಪ್ ಕೊಳ್ಳಲಿ? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನನ್ನ ಮಗಳಿಗೆ 10 ವರ್ಷ. ಇರುವೆ, ಹೂವು, ಕಲ್ಲು, ಏನು ಸಿಕ್ಕಿದರೂ ಕಣ್ಣಿನ ಹತ್ತಿರ ಹಿಡಿದು ನೋಡುತ್ತಾಳೆ. ಅವಳಿಗೊಂದು ಮೈಕ್ರೋಸ್ಕೋಪ್ ಕೊಡಿಸಬೇಕು ಅಂತಿದ್ದೇನೆ. 1200 ಪಟ್ಟು ದೊಡ್ಡದಾಗಿ ತೋರಿಸುತ್ತದೆ ಅಂತ ಬರೆದಿರುವುದನ್ನು ತಗೊಳ್ಳಲಾ?

ಉತ್ತರ: ದಯವಿಟ್ಟು ಬೇಡ. ನಿಮಗೆ ಬೇಕಾದ ಉತ್ತರ ನೀವು ಬರೆದಿರುವ ಪಟ್ಟಿಯಲ್ಲೇ ಇದೆ. ಇರುವೆ, ಹೂವು, ಕಲ್ಲು, ಇವೆಲ್ಲ ದಪ್ಪ ವಸ್ತುಗಳು. 1200 ಪಟ್ಟು ಅಂತ ಬರೆದಿರುವುದು ಸಾಮಾನ್ಯವಾಗಿ ಕಾಂಪೌಂಡ್ ಮೈಕ್ರೋಸ್ಕೋಪ್. ಅದರಲ್ಲಿ ಬೆಳಕು ಕೆಳಗಿನಿಂದ ಬಂದು, ವಸ್ತುವಿನ ಒಳಗೆ ಹಾದು, ಆಮೇಲೆ ಲೆನ್ಸ್ ಸೇರುತ್ತದೆ. ಗಾಜಿನ ಸ್ಲೈಡ್ ಮೇಲೆ ತೆಳ್ಳಗೆ ಹರಡಿದ್ದು ಮಾತ್ರ ಚೆನ್ನಾಗಿ ಕಾಣುತ್ತದೆ. ಇಡೀ ಇರುವೆಯನ್ನು ಇಟ್ಟರೆ ಕಪ್ಪು ನೆರಳು ಕಾಣುತ್ತದೆ, ಅಷ್ಟೇ. ಮಗು ಎರಡು ದಿನ ನೋಡಿ ಪಕ್ಕಕ್ಕಿಡುತ್ತದೆ, ಅದು ಮಗುವಿನ ತಪ್ಪಲ್ಲ.

ನೀವು ಕೊಡಿಸಬೇಕಾದ್ದು ಸ್ಟೀರಿಯೋ ಮೈಕ್ರೋಸ್ಕೋಪ್. 10ರಿಂದ 40 ಪಟ್ಟು ತೋರಿಸಿದರೆ ಧಾರಾಳ ಸಾಕು. ಎರಡು ಕಣ್ಣಿಗೂ ಬೇರೆ ಬೇರೆ ಕೋನದಿಂದ ಬೆಳಕು ಬರುವುದರಿಂದ ವಸ್ತುವಿನ ಉಬ್ಬು ತಗ್ಗು ನಿಜವಾಗಿಯೂ ಕಾಣುತ್ತದೆ. ಚಿತ್ರ ತಲೆಕೆಳಗಾಗಿ ಬರುವುದಿಲ್ಲ. ಲೆನ್ಸ್ ಕೆಳಗೆ ಸುಮಾರು 10 ಸೆಂಟಿಮೀಟರ್ ಜಾಗ ಇರುತ್ತದೆ, ಹಾಗಾಗಿ ಅವಳು ಕೈ ಹಾಕಿ, ಹೂವಿನ ಎಸಳನ್ನು ಸೂಜಿಯಿಂದ ಬಿಡಿಸುತ್ತಲೇ ನೋಡಬಹುದು. ಸ್ಲೈಡ್ ಮಾಡುವ ಕೆಲಸವೇ ಇಲ್ಲ. ಬೆಳಕು ಮೇಲಿನಿಂದಲೂ ಬೀಳುವಂಥದ್ದನ್ನೇ ಆರಿಸಿ. ಸದ್ಯಕ್ಕೆ ಅಷ್ಟು ಖರ್ಚು ಬೇಡ ಅನ್ನಿಸಿದರೆ 10 ಪಟ್ಟಿನ ಒಂದು ಒಳ್ಳೆಯ ಕೈಲೆನ್ಸ್ ಕೊಡಿಸಿ. ಕಳಪೆ ಮೈಕ್ರೋಸ್ಕೋಪ್‌ಗಿಂತ ಅದು ಎಷ್ಟೋ ಮೇಲು.

ಪ್ರಶ್ನೆ: ನಾನು ಜೀವಶಾಸ್ತ್ರದ ವಿದ್ಯಾರ್ಥಿನಿ. ಕೆರೆ ನೀರಿನ ಜೀವಿಗಳು, ಈರುಳ್ಳಿ ಪೊರೆ, ಸಾಧ್ಯವಾದರೆ ಬ್ಯಾಕ್ಟೀರಿಯಾ ನೋಡಬೇಕು. ಒಂದು 1000 ಪಟ್ಟಿನದು, ಇನ್ನೊಂದು 2000 ಪಟ್ಟಿನದು. ಯಾವುದು ಒಳ್ಳೆಯದು?

ಉತ್ತರ: ನಿಮಗೆ ಬೇಕಾದ್ದು ಕಾಂಪೌಂಡ್ ಮೈಕ್ರೋಸ್ಕೋಪೇ. ಆದರೆ ಪಟ್ಟಿನ ಅಂಕಿ ನೋಡಿ ಆರಿಸಬೇಡಿ. ವಸ್ತುವಿನ ಹತ್ತಿರ ಇರುವ ಲೆನ್ಸ್‌ಗೆ ಆಬ್ಜೆಕ್ಟಿವ್ ಅಂತಾರೆ. ಸಾಮಾನ್ಯವಾಗಿ 4, 10, 40, 100 ಅಂತ ನಾಲ್ಕು ಇರುತ್ತವೆ. ಐಪೀಸ್, ಅಂದರೆ ನಾವು ಕಣ್ಣಿಡುವ ಲೆನ್ಸ್, 10 ಪಟ್ಟಿನದು. 100ಕ್ಕೆ 10 ಗುಣಿಸಿದರೆ 1000. ಅದೇ ಉಪಕರಣಕ್ಕೆ 20 ಪಟ್ಟಿನ ಐಪೀಸ್ ಸಿಕ್ಕಿಸಿದರೆ 2000 ಆಯ್ತು, ಡಬ್ಬಿ ಮೇಲೆ ದೊಡ್ಡ ಅಂಕಿ ಬಂತು. ಹೊಸದಾಗಿ ಏನೂ ಕಾಣುವುದಿಲ್ಲ, ಮಸುಕೇ ಇನ್ನಷ್ಟು ದೊಡ್ಡದಾಗುತ್ತದೆ.

ನಿಜವಾಗಿ ನೋಡಬೇಕಾದ ಅಂಕಿ ಆಬ್ಜೆಕ್ಟಿವ್ ಮೇಲೆಯೇ ಕೆತ್ತಿರುತ್ತದೆ. 40/0.65, 100/1.25 ಅಂತ. ಎರಡನೆಯ ಅಂಕಿ ನ್ಯೂಮರಿಕಲ್ ಅಪರ್ಚರ್, ಅಂದರೆ ಆ ಲೆನ್ಸ್ ಎಷ್ಟು ಅಗಲದ ಬೆಳಕನ್ನು ಹಿಡಿಯುತ್ತದೆ ಅನ್ನುವುದು. ಅಕ್ಕಪಕ್ಕದ ಎರಡು ಚುಕ್ಕೆ ಬೇರೆ ಬೇರೆಯಾಗಿ ಕಾಣುತ್ತವಾ ಇಲ್ಲವಾ ಅನ್ನುವುದನ್ನು ಈ ಅಂಕಿಯೇ ತೀರ್ಮಾನಿಸುತ್ತದೆ. ಜರ್ಮನ್ ಭೌತವಿಜ್ಞಾನಿ ಅರ್ನ್ಸ್ಟ್ ಅಬ್ಬೆ 1873ರಲ್ಲೇ ಈ ಮಿತಿಯನ್ನು ವಿವರಿಸಿದ್ದರು. ಬೆಳಕಿನ ತರಂಗದ ಉದ್ದವನ್ನು ಈ ಅಂಕಿಯ ಎರಡರಷ್ಟರಿಂದ ಭಾಗಿಸಿದರೆ ಕಾಣುವ ಅತಿ ಸಣ್ಣ ಅಂತರ ಸಿಗುತ್ತದೆ. ಹಸಿರು ಬೆಳಕು, 1.25ರ ಲೆನ್ಸ್ ಇದ್ದರೆ ಅದು ಸುಮಾರು 0.22 ಮೈಕ್ರಾನ್ (ಮಿಲಿಮೀಟರ್‌ನ ಸಾವಿರದಲ್ಲೊಂದು ಭಾಗಕ್ಕೆ ಮೈಕ್ರಾನ್ ಅಂತಾರೆ). ನ್ಯೂಮರಿಕಲ್ ಅಪರ್ಚರ್‌ನ ಸಾವಿರ ಪಟ್ಟಿಗಿಂತ ಜಾಸ್ತಿ ಹಿಗ್ಗಿಸಿ ಪ್ರಯೋಜನ ಇಲ್ಲ ಅನ್ನುವುದು ಬಳಸುವವರ ಲೆಕ್ಕ, ಅಂದರೆ 1.25ಕ್ಕೆ 1250 ಪಟ್ಟು, ಅಲ್ಲಿಗೆ ಮುಗಿಯಿತು.

ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಒಂದೆರಡು ಮೈಕ್ರಾನ್ ಇರುತ್ತವೆ. ಅವನ್ನು ಬಣ್ಣ ಹಾಕಿ, 100ರ ಆಬ್ಜೆಕ್ಟಿವ್‌ಗೆ ಇಮ್ಮರ್ಶನ್ ಎಣ್ಣೆ ಬಿಟ್ಟು ನೋಡಬೇಕು. ಗಾಜಿನಿಂದ ಗಾಳಿಗೆ ಬರುವಾಗ ಬೆಳಕು ಬಾಗಿ ತಪ್ಪಿಹೋಗುತ್ತದೆ, ಎಣ್ಣೆ ಆ ಗಾಳಿಯ ಜಾಗ ತುಂಬುತ್ತದೆ. ಕೆಲಸ ಮುಗಿದ ಕೂಡಲೇ ಲೆನ್ಸ್ ಪೇಪರ್‌ನಿಂದ ಒರೆಸಿಬಿಡಿ, 40ರ ಲೆನ್ಸ್‌ಗೆ ಎಣ್ಣೆ ತಾಗಲು ಬಿಡಬೇಡಿ. ಕೆರೆ ನೀರಿಗೆ ಮಾತ್ರ ಇದ್ಯಾವುದೂ ಬೇಡ. ಪ್ಯಾರಮೀಸಿಯಂ ಅನ್ನುವ ಏಕಕೋಶ ಜೀವಿ 100 ಪಟ್ಟಿನಲ್ಲೇ ಸೊಗಸಾಗಿ ಈಜುತ್ತದೆ, ನೀವು ಬಹುಪಾಲು ಸಮಯ ಕಳೆಯುವುದು ಅಲ್ಲೇ. ಜೀವಂತ ಜೀವಿಗಳು ಪಾರದರ್ಶಕ, ಹಾಗಾಗಿ ಮೊದಲು ಕಾಣಲೇ ಇಲ್ಲ ಅನ್ನಿಸಬಹುದು. ಸ್ಲೈಡ್ ಕೆಳಗೆ ಬೆಳಕನ್ನು ಒಟ್ಟುಗೂಡಿಸುವ ಕಂಡೆನ್ಸರ್ ಇರುತ್ತದೆ, ಅದರ ಡಯಾಫ್ರಮ್ (ಬೆಳಕಿನ ದಾರಿಯನ್ನು ಕಿರಿದಾಗಿಸುವ ಭಾಗ) ಸ್ವಲ್ಪ ಮುಚ್ಚಿ, ಅಂಚುಗಳು ಎದ್ದು ಬರುತ್ತವೆ. ಇದಕ್ಕೆಂದೇ ಇರುವ ಫೇಸ್ ಕಾಂಟ್ರಾಸ್ಟ್ ವಿಧಾನಕ್ಕೆ ಫ್ರಿಟ್ಸ್ ಜೆರ್ನಿಕೆ ಅವರಿಗೆ 1953ರಲ್ಲಿ ನೊಬೆಲ್ ಬಂತು. ಅದು ನಿಜಕ್ಕೂ ಅದ್ಭುತ, ಆದರೆ ಕಲಿಕೆಯ ಹಂತದಲ್ಲಿ ಅಷ್ಟು ದುಡ್ಡು ಹಾಕುವುದು ಬೇಡ.

ಕೊಳ್ಳುವಾಗ ಕೇಳಿ: ಮೇಲೆ ಕೆಳಗೆ ಸರಿಸಬಹುದಾದ ಕಂಡೆನ್ಸರ್ ಇದೆಯಾ, ಸೂಕ್ಷ್ಮವಾಗಿ ಹೊಂದಿಸುವ ಫೈನ್ ಫೋಕಸ್ ತಿರುಪು ಬೇರೆ ಇದೆಯಾ, ಸ್ಲೈಡನ್ನು ತಿರುಪಿನಿಂದ ಸರಿಸುವ ಸ್ಟೇಜ್ ಇದೆಯಾ. 40ರ ಆಬ್ಜೆಕ್ಟಿವ್‌ನ ತುದಿ ಒತ್ತಿದರೆ ಒಳಗೆ ಹೋಗುವ ಸ್ಪ್ರಿಂಗ್ ಇರಲಿ. ಅದು ಸ್ಲೈಡ್‌ನಿಂದ ಒಂದು ಮಿಲಿಮೀಟರ್ ದೂರವೂ ಇರುವುದಿಲ್ಲ, ಆತುರದಲ್ಲಿ ತಿರುಗಿಸಿದರೆ ಗಾಜು ಒಡೆಯುತ್ತದೆ. ಸ್ಲೈಡ್ ಮೇಲೆ ಮುಚ್ಚುವ ತೆಳು ಗಾಜು, ಅಂದರೆ ಕವರ್ ಸ್ಲಿಪ್, 0.17 ಮಿಲಿಮೀಟರ್ ದಪ್ಪದ್ದೇ ಬಳಸಿ.

ಪ್ರಶ್ನೆ: ಮೊಬೈಲ್ ರಿಪೇರಿ ಮಾಡುತ್ತೇನೆ. ಕಂಪ್ಯೂಟರ್‌ಗೆ ಜೋಡಿಸುವ ಯುಎಸ್‌ಬಿ ಮೈಕ್ರೋಸ್ಕೋಪ್ ಸಾಕಾ?

ಉತ್ತರ: ಬೋರ್ಡ್ ಪರೀಕ್ಷೆ ಮಾಡಲು, ಗ್ರಾಹಕರಿಗೆ ತೋರಿಸಲು, ಫೋಟೋ ತೆಗೆಯಲು ಸಾಕು. ಬೆಸುಗೆ ಹಾಕಲು ಸಾಲದು. ಕೈ ಆಡಿಸಿದ್ದು ಪರದೆ ಮೇಲೆ ಚೂರು ತಡವಾಗಿ ಬರುತ್ತದೆ, ಎಷ್ಟು ಆಳದಲ್ಲಿದೆ ಅನ್ನುವ ಅಂದಾಜೂ ಸಿಗುವುದಿಲ್ಲ. ನಿಮಗೂ ಸ್ಟೀರಿಯೋನೇ ಸರಿ. ಅದರ ಕೆಳಗೆ 0.5ರ ಬಾರ್ಲೋ ಅನ್ನುವ ಹೆಚ್ಚುವರಿ ಲೆನ್ಸ್ ಹಾಕಿಸಿಕೊಂಡರೆ ಕೆಳಗಿನ ಜಾಗ ಹೆಚ್ಚುಕಮ್ಮಿ ಎರಡರಷ್ಟಾಗುತ್ತದೆ, ಐರನ್ ಆರಾಮಾಗಿ ಆಡುತ್ತದೆ. ಕ್ಯಾಮೆರಾನೂ ಬೇಕೆಂದರೆ ಮೂರನೇ ಕೊಳವೆ ಇರುವ ಟ್ರೈನಾಕ್ಯುಲರ್ ತಗೊಳ್ಳಿ.

ಪ್ರಶ್ನೆ: ಮನೆಯಲ್ಲೇ ವೈರಸ್ ನೋಡಬಹುದಾದ ಮೈಕ್ರೋಸ್ಕೋಪ್ ಇದೆಯಾ?

ಉತ್ತರ: ಇಲ್ಲ. ಕೊರೋನಾ ವೈರಸ್ ಸುಮಾರು 0.1 ಮೈಕ್ರಾನ್, ಮೇಲೆ ಹೇಳಿದ ಮಿತಿಗಿಂತ ಚಿಕ್ಕದು. ಅದಕ್ಕೆ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬೇಕು, ನಿರ್ವಾತದಲ್ಲಿ ಕೆಲಸ ಮಾಡುವ ಆ ಯಂತ್ರ ಪ್ರಯೋಗಾಲಯಗಳಲ್ಲಿ ಮಾತ್ರ ಇರುತ್ತದೆ.

ಪ್ರಶ್ನೆ: ಹಳೆಯ ಮೈಕ್ರೋಸ್ಕೋಪ್ ಒಂದು ಕಡಿಮೆ ಬೆಲೆಗೆ ಸಿಗುತ್ತಿದೆ. ತಗೊಳ್ಳಬಹುದಾ?

ಉತ್ತರ: ಖಂಡಿತ, ಒಳ್ಳೆಯ ಹಳೆಯದು ಕಳಪೆ ಹೊಸದಕ್ಕಿಂತ ಉತ್ತಮ. ಆದರೆ ಕೈಯಾರೆ ನೋಡಿ. ಐಪೀಸ್ ತೆಗೆದು ಬೆಳಕಿಗೆ ಹಿಡಿಯಿರಿ, ಒಳಗೆ ಜೇಡರ ಬಲೆಯಂಥ ಎಳೆಗಳಿದ್ದರೆ ಅದು ಬೂಷ್ಟು, ಬಿಟ್ಟುಬಿಡಿ. ಫೋಕಸ್ ತಿರುಪು ಬಿಗಿಯಾಗಿದ್ದರೆ ಗ್ರೀಸ್ ಗಟ್ಟಿಯಾಗಿರುತ್ತದೆ, ಸರಿಮಾಡಿಸಬಹುದು. ಒಂದು ಸ್ಲೈಡ್ ತಗೊಂಡು ಹೋಗಿ, 40ರಲ್ಲಿ ಫೋಕಸ್ ಮಾಡಿ ಐದು ನಿಮಿಷ ಬಿಡಿ, ಚಿತ್ರ ತಾನಾಗಿಯೇ ಜಾರಿ ಮಸುಕಾದರೆ ರಿಪೇರಿ ಖರ್ಚು ಸೇರಿಸಿಯೇ ಬೆಲೆ ಮಾತಾಡಿ. ಆಬ್ಜೆಕ್ಟಿವ್ ಮೇಲೆ 160 ಅಂತ ಇದ್ದರೆ (ಅದು ಕೊಳವೆಯ ಉದ್ದ, ಮಿಲಿಮೀಟರ್‌ಗಳಲ್ಲಿ) ಮುಂದೆ ಕೊಳ್ಳುವ ಲೆನ್ಸ್‌ಗಳೂ 160ರದ್ದೇ ಆಗಿರಬೇಕು. ಅಡ್ಡ ಮಲಗಿದ ಎಂಟರ (8) ಹಾಗಿನ ಅನಂತದ ಗುರುತು ಇರುವವು ಅದಕ್ಕೆ ಹೊಂದುವುದಿಲ್ಲ.