ಬೋರ್ಡ್ ಬದಲಿಸುವ ಮುನ್ನ ನೀರಿನ ದಾರಿ ನೋಡಿ: ಡಿಶ್‌ವಾಷರ್ ಪ್ರಶ್ನೆಗೆ ಉತ್ತರ

ಅಕ್ಕನವರಿಗೆ ಶರಣು. ನಮ್ಮ ಗುಂಪಿನಲ್ಲಿ ನೀವು ಮೂರು ತೊಂದರೆಗಳನ್ನು ಬರೆದಿದ್ದೀರಿ, ಕೆಲವರು ಸಲಹೆಗಳನ್ನೂ ಕೊಟ್ಟಿದ್ದಾರೆ. ಕಟ್ಟೆಯ ಕೆಳಗೆ ಕಪಾಟಿನಲ್ಲಿ ಕೂರಿಸಿದ ಡಿಶ್‌ವಾಷರ್ ಕೆಲವು ದಿನ ಅರ್ಧಕ್ಕೇ ನಿಲ್ಲುತ್ತದೆ, ನಿಂತಾಗ ತಳದಲ್ಲಿ ಕೊಳೆನೀರು ಉಳಿಯುತ್ತದೆ, ಪೂರ್ತಿ ಓಡಿದ ದಿನವೂ ಗಾಜಿನ ಲೋಟ ಮತ್ತು ಸ್ಟೀಲ್ ತಾಟುಗಳ ಮೇಲೆ ಬಿಳಿ ಪುಡಿ ಕೂತಿರುತ್ತದೆ. ನೋಡಲು ಬಂದ ಮೆಕ್ಯಾನಿಕ್ ಬೋರ್ಡ್, ಅಂದರೆ ಯಂತ್ರವನ್ನು ನಡೆಸುವ ಎಲೆಕ್ಟ್ರಾನಿಕ್ ಫಲಕ, ಹೋಗಿದೆ ಎಂದಿದ್ದಾರೆ. ಬೋರ್ಡ್ ಕೆಡುವುದೇ ಇಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಬಿಳಿ ಪುಡಿಗೂ ಬೋರ್ಡಿಗೂ ಸಂಬಂಧವಿಲ್ಲ, ಮತ್ತು ಕೆಲವು ದಿನ ಸರಿಯಾಗಿ ಓಡಿ ಕೆಲವು ದಿನ ನಿಲ್ಲುವ ಯಂತ್ರದಲ್ಲಿ ಮೊದಲು ಅನುಮಾನಿಸಬೇಕಾದದ್ದು ಒಳಬರುವ ನೀರು ಮತ್ತು ಹೊರಹೋಗುವ ನೀರು. ಅಷ್ಟನ್ನು ನೀವೇ ನೋಡಿಕೊಳ್ಳಬಹುದು. ಅದಕ್ಕೂ ಮೊದಲು ಪ್ಲಗ್ ತೆಗೆದು, ಯಂತ್ರದ ನಳ ಬಂದ್ ಮಾಡಿಕೊಳ್ಳಿ.

ತಳದ ನೀರಿನಿಂದ ಆರಂಭಿಸೋಣ. ಫಿಲ್ಟರಿನ ಕೆಳಗಿನ ಗುಂಡಿಯಲ್ಲಿ ಸ್ವಲ್ಪ ನೀರು ಸದಾ ಇರುತ್ತದೆ, ಅದು ದೋಷವಲ್ಲ. ಫಿಲ್ಟರಿನ ಮೇಲಕ್ಕೆ ನಿಂತರೆ ಮಾತ್ರ ತೊಂದರೆ. ಕೆಳಗಿನ ಟ್ರೇ ಹೊರಗೆ ತೆಗೆದು, ಫಿಲ್ಟರನ್ನು ತಿರುಗಿಸಿ ಎತ್ತಿ, ನಳದ ಕೆಳಗೆ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿರಿ. ನಮ್ಮ ಅಡುಗೆಯಲ್ಲಿ ಫಿಲ್ಟರಿನ ದೊಡ್ಡ ಶತ್ರು ಎಣ್ಣೆಯಲ್ಲ, ಜೋಳದ ಹಿಟ್ಟು. ರೊಟ್ಟಿಗೆ ಹಿಟ್ಟು ನಾದಿದ ಪರಾತವನ್ನು ಹಾಗೆಯೇ ಒಳಗಿಟ್ಟರೆ ಬಿಸಿನೀರಿನಲ್ಲಿ ಆ ಹಿಟ್ಟು ಬೆಂದು ಅಂಟಾಗಿ, ಸಣ್ಣ ಜಾಲರಿಯ ಕಣ್ಣುಗಳಲ್ಲಿ ಬೂದು ಬಣ್ಣದ ಪದರವಾಗಿ ಕೂರುತ್ತದೆ. ಫಿಲ್ಟರನ್ನು ಬೆಳಕಿಗೆ ಹಿಡಿದಾಗ ಆಚೆಯ ಬೆಳಕು ಕಾಣದಿದ್ದರೆ ಅದು ಮುಚ್ಚಿದೆ ಎಂದೇ ತಿಳಿಯಿರಿ. ತೊಗರಿ ಬೇಳೆಯ ಸಿಪ್ಪೆ, ಶೇಂಗಾ ಚಟ್ನಿಯ ತರಿ ಇವೂ ಅಲ್ಲೇ ಸೇರುತ್ತವೆ. ಪಾತ್ರೆಯನ್ನು ಮೊದಲೇ ತೊಳೆಯಬೇಕಾಗಿಲ್ಲ, ಉಳಿದದ್ದನ್ನು ಬಳಿದು ಹಾಕಿದರೆ ಸಾಕು. ಹಿಟ್ಟಿನ ಪರಾತವನ್ನು ಮಾತ್ರ ತಣ್ಣೀರಿನಲ್ಲಿ ಒಮ್ಮೆ ಕೈಯಾಡಿಸಿ ಇಡಿ.

ಫಿಲ್ಟರ್ ಸ್ವಚ್ಛವಾದ ಮೇಲೂ ನೀರು ನಿಂತರೆ ಗುಂಡಿಯ ನೀರನ್ನು ಸ್ಪಂಜಿನಿಂದ ತೆಗೆದು, ಪಂಪಿನ ಮೇಲಿನ ಸಣ್ಣ ಮುಚ್ಚಳ ಬಿಚ್ಚಿ ನೋಡಿ. ಒಡೆದ ಗಾಜಿನ ಚೂರು ಅಲ್ಲಿರುವ ಸಂಭವವಿದೆ, ಬರಿಗೈ ಹಾಕಬೇಡಿ. ಒಳಗಿನ ಪುಟ್ಟ ಚಕ್ರ ಕಡ್ಡಿಯಿಂದ ದೂಡಿದಾಗ ತಿರುಗಬೇಕು. ಇದಾದ ಮೇಲೆ ಮುಚ್ಚಳ, ಫಿಲ್ಟರ್ ಮತ್ತೆ ಕೂರಿಸಿ, ತಳಕ್ಕೆ ಸ್ವಲ್ಪ ನೀರು ಸುರಿದು ಬಕೆಟ್ ಪರೀಕ್ಷೆ ಮಾಡಿ: ಹೊರಹೋಗುವ ಪೈಪನ್ನು ಸಿಂಕಿನ ಕೆಳಗಿನಿಂದ ಬಿಡಿಸಿ ಬಕೆಟ್‌ಗೆ ಇಳಿಬಿಟ್ಟು, ನಳ ಬಿಟ್ಟು ಪ್ಲಗ್ ಹಾಕಿ, ಪ್ರೋಗ್ರಾಂ ರದ್ದು ಮಾಡಿ. ಅನೇಕ ಯಂತ್ರಗಳಲ್ಲಿ ಸ್ಟಾರ್ಟ್ ಗುಂಡಿಯನ್ನು 3 ಸೆಕೆಂಡ್ ಒತ್ತಿ ಹಿಡಿದರೆ ಪಂಪು ಓಡಿ ನೀರು ಹೊರಹಾಕುತ್ತದೆ. ಬಕೆಟ್‌ಗೆ ನೀರು ರಭಸದಿಂದ ಬಂದರೆ ಪಂಪು ಚೆನ್ನಾಗಿದೆ, ಅದನ್ನು ಓಡಿಸುವ ಬೋರ್ಡಿನ ಭಾಗವೂ ಚೆನ್ನಾಗಿದೆ. ಕಟ್ಟಿರುವುದು ನಿಮ್ಮ ಸಿಂಕಿನ ಪೈಪು. ಹೊಸದಾಗಿ ಕೂರಿಸಿದ ಮನೆಗಳಲ್ಲಿ ಸಿಂಕಿನ ಟ್ರ್ಯಾಪಿಗೆ (ಸಿಂಕಿನ ಕೆಳಗಿನ ಬಾಗಿದ ಕೊಳವೆಗೆ) ಪೈಪು ಸೇರುವ ಬಾಯಿಯ ಪ್ಲಾಸ್ಟಿಕ್ ಪೊರೆಯನ್ನು ಕತ್ತರಿಸದೆ ಬಿಟ್ಟಿರುವುದೂ ಉಂಟು. ಆ ಪೈಪು ನೆಲದ ಮೇಲೆ ಬಿದ್ದಿರದೆ ಕಟ್ಟೆಯ ತಳದವರೆಗೆ ಮೇಲೇರಿ ಇಳಿಯುವಂತಿರಬೇಕು, ಇಲ್ಲದಿದ್ದರೆ ಸಿಂಕಿನ ಕೊಳೆನೀರು ಯಂತ್ರಕ್ಕೇ ಹಿಂದಿರುಗುತ್ತದೆ.

ಅರ್ಧಕ್ಕೆ ನಿಲ್ಲುವುದಕ್ಕೆ ಇನ್ನೊಂದು ಕಾರಣ ಒತ್ತಡ. ಬಹುತೇಕ ಯಂತ್ರಗಳು ಕನಿಷ್ಠ 0.3ರಿಂದ 0.5 ಬಾರ್ ಒತ್ತಡ ಕೇಳುತ್ತವೆ, 10 ಮೀಟರ್ ಎತ್ತರದ ನೀರಿನ ಒತ್ತಡ ಸುಮಾರು 1 ಬಾರ್. ನಿಮ್ಮದು ಒಂದಂತಸ್ತಿನ ಮನೆ, ಟ್ಯಾಂಕ್ ಚಾವಣಿಯ ಮೇಲೆಯೇ ಇದೆ ಎಂದಿದ್ದೀರಿ. ಅಂದರೆ ಯಂತ್ರಕ್ಕೆ ಸಿಗುವುದು 4 ಮೀಟರಿನ ಆಸುಪಾಸು, 0.4 ಬಾರ್. ಟ್ಯಾಂಕ್ ತುಂಬಿದ ದಿನ ಓಡಿ, ನೀರು ಇಳಿದ ದಿನ ನಿಲ್ಲುವುದಕ್ಕೆ ಇದೇ ಕಾರಣವಿರಬಹುದು. ಒಳಬರುವ ಪೈಪನ್ನು ನಳದಿಂದ ಬಿಚ್ಚಿ, ನಳಕ್ಕೆ ಬಕೆಟ್ ಹಿಡಿದು ಒಂದು ನಿಮಿಷ ನೋಡಿ. ಸುಮಾರು 10 ಲೀಟರ್ ಬಂದರೆ ಚಿಂತೆಯಿಲ್ಲ. ಪೈಪಿನ ಬಾಯಿಯ ಸಣ್ಣ ಜಾಲರಿಯಲ್ಲಿ ಬೋರಿನ ಉಸುಕು ಕೂತಿದ್ದರೆ ತೊಳೆದು ಹಾಕಿ. ಕೆಲವು ಪೈಪುಗಳ ತುದಿಯಲ್ಲಿ ವಿದ್ಯುತ್ ವಾಲ್ವಿನ ಡಬ್ಬಿಯಿರುತ್ತದೆ, ಅದನ್ನು ನೀರಿನಲ್ಲಿ ಮುಳುಗಿಸಬಾರದು.

ಬಿಳಿ ಪುಡಿಯ ವಿಷಯದಲ್ಲಿ ಗುಂಪಿನ ಸಲಹೆಗಳನ್ನು ಓದಿ ನನಗೆ ಕಳವಳವಾಯಿತು. ಕಲಬುರಗಿ ಜಿಲ್ಲೆಯ ಶಹಾಬಾದ್, ಸೇಡಂ, ಚಿತ್ತಾಪುರದ ನೆಲದಡಿ ಫರಸಿಯೂ ಸಿಮೆಂಟೂ ಆಗುವ ಸುಣ್ಣಕಲ್ಲಿದೆ. ಅಲ್ಲಿಯ ಬೋರ್ ನೀರು ಗಡಸಾಗುವುದು ಸಹಜ, ಉಳಿದ ಕಡೆಯ ಬೋರೂ ಮೆದುವೆಂದು ನಂಬಬೇಡಿ. ಮೊದಲು ಒಂದು ಲೋಟಕ್ಕೆ ವಿನೆಗರ್ ಸವರಿ. ಮಬ್ಬು ಹೋದರೆ ಅದು ಸುಣ್ಣ. ಹೋಗದಿದ್ದರೆ ಗಾಜೇ ಸವೆದಿದೆ, ಅದಕ್ಕೆ ಮದ್ದಿಲ್ಲ. ಸುಣ್ಣವಾದರೆ ಯಂತ್ರದೊಳಗಿನ ನೀರು ಮೆದುಗೊಳಿಸುವ ಭಾಗ ಕೆಲಸ ಮಾಡುತ್ತಿಲ್ಲ ಎಂದರ್ಥ. ಅದಕ್ಕೆ ಬೇಕಾದದ್ದು ಡಿಶ್‌ವಾಷರ್‌ಗೆಂದೇ ಮಾರುವ ಹರಳು ಉಪ್ಪು; ಒಬ್ಬರು ಸೂಚಿಸಿದ ಅಡುಗೆಯ ಪುಡಿ ಉಪ್ಪು ಗಟ್ಟಿಕಟ್ಟಿ ಅದನ್ನು ಹಾಳುಮಾಡುತ್ತದೆ. ಉಪ್ಪು ತುಂಬಿದ ಕೂಡಲೇ ಯಂತ್ರ ಓಡಿಸಿ, ಚೆಲ್ಲಿದ ಉಪ್ಪುನೀರು ಸ್ಟೀಲನ್ನು ತಿನ್ನುತ್ತದೆ. ಉಪ್ಪು ತುಂಬುವ ಬಾಯಿಯ ಮುಚ್ಚಳ ಸಡಿಲವಿದ್ದರೂ ತಾಟುಗಳ ಮೇಲೆ ಬಿಳುಪು ಬರುತ್ತದೆ.

ಉಪ್ಪು ತುಂಬಿದರಷ್ಟೇ ಸಾಲದು, ಗಡಸುತನದ ಸೆಟ್ಟಿಂಗ್ ಹೊಂದಿಸಬೇಕು. ಟಿಡಿಎಸ್ ಮೀಟರಿನ ಅಂಕಿ ನೀರಿನಲ್ಲಿ ಕರಗಿದ ಎಲ್ಲ ಲವಣಗಳ ಅಂದಾಜು, ಗಡಸುತನವಲ್ಲ, ಪರೀಕ್ಷಾ ಪಟ್ಟಿಯಿಂದ ಬೇರೆ ಅಳೆಯಬೇಕು. ಕೈಪಿಡಿಯಲ್ಲಿ ಜರ್ಮನ್ ಡಿಗ್ರಿ ಇದ್ದರೆ ಲೀಟರಿಗೆ 17.8 ಮಿಲಿಗ್ರಾಂ ಗಡಸುತನ (ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ) ಎಂದರೆ 1 ಡಿಗ್ರಿ. ಕುಡಿಯುವ ನೀರಿಗೆ ಬೇರೆ ಮೂಲವಿಲ್ಲದಾಗ ಭಾರತೀಯ ಮಾನಕ ಒಪ್ಪುವ ಗಡಸುತನದ ಮಿತಿ ಲೀಟರಿಗೆ 600 ಮಿಲಿಗ್ರಾಂ, ಅದು ಸುಮಾರು 34 ಡಿಗ್ರಿಯಾಗುತ್ತದೆ. ನಿಮ್ಮ ಟ್ಯಾಂಕಿಗೆ ಒಂದು ದಿನ ನಗರದ ನಳದ ನೀರು, ಮತ್ತೊಂದು ದಿನ ಬೋರ್ ನೀರು ಬೀಳುವುದಾದರೆ ಬೋರ್ ನೀರಿನ ಲೆಕ್ಕಕ್ಕೇ ಹೊಂದಿಸಿ. ಈಗಾಗಲೇ ಕಟ್ಟಿದ ಸುಣ್ಣಕ್ಕೆ ಯಂತ್ರವನ್ನು ಖಾಲಿಯಿಟ್ಟು, ನಿಂಬೆ ಉಪ್ಪು ಹಾಕಿ, ಸೋಪಿನ ಪುಡಿ ಹಾಕದೆ, ಬಿಸಿನೀರಿನ ಪ್ರೋಗ್ರಾಂ ಒಮ್ಮೆ ಓಡಿಸಿ. ನೀರು ಚಿಮ್ಮುವ ರೆಕ್ಕೆಗಳ ರಂಧ್ರಗಳನ್ನು ಹಲ್ಲುಕಡ್ಡಿಯಿಂದ ಬಿಡಿಸಿ. ಕೈಯಿಂದ ಪಾತ್ರೆ ತಿಕ್ಕುವ ಲಿಕ್ವಿಡ್ ಒಂದು ಹನಿಯೂ ಒಳಗೆ ಬೇಡ. ನೊರೆ ಉಕ್ಕಿ ಕೆಳಗಿನ ತಟ್ಟೆಗೆ ಇಳಿದರೆ ಸೋರಿಕೆಯ ಸ್ವಿಚ್ ಯಂತ್ರವನ್ನೇ ನಿಲ್ಲಿಸುತ್ತದೆ.

ಕರೆಂಟಿನ ಬಗ್ಗೆ ಒಂದೇ ಮಾತು. ನೀರು ಕಾಯುವ ಹೊತ್ತಿಗೇ ಮನೆಯ ಟ್ರಿಪ್ ಸ್ವಿಚ್ ಬೀಳುತ್ತಿದ್ದರೆ ಹೀಟರಿನಿಂದ ಕರೆಂಟ್ ಸೋರುತ್ತಿರುವ ಅನುಮಾನ, ಅದನ್ನು ನೀವು ಮುಟ್ಟಬೇಡಿ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗುತ್ತದೆ, ನೀರು ಹಾಕಿಸಿ. ಅರ್ಥ್ ತಂತಿ ಬಿಡಿಸಿ ಓಡಿಸುವ ಸಲಹೆಯನ್ನು ಯಾರು ಕೊಟ್ಟರೂ ಕೇಳಬೇಡಿ.

ಯಂತ್ರವನ್ನು ಕಪಾಟಿನಿಂದ ಹೊರಗೆಳೆಯುವ ಕೆಲಸ ಮೆಕ್ಯಾನಿಕ್‌ಗೇ ಇರಲಿ, ಏಕೆಂದರೆ ಪಕ್ಕದ ಸ್ಕ್ರೂ ಬಿಚ್ಚಿದ ಮೇಲೆ ಬಾಗಿಲು ತೆರೆದರೆ ಅದು ಮುಂದಕ್ಕೆ ವಾಲುತ್ತದೆ. ಅವರು ಮತ್ತೆ ಬಂದಾಗ ಬಕೆಟ್ ಪರೀಕ್ಷೆಯ ಫಲಿತಾಂಶ ತಿಳಿಸಿ, ಯಂತ್ರ ಯಾವ ಹಂತದಲ್ಲಿ ನಿಂತಿತು, ಪರದೆಯ ಮೇಲೆ ಯಾವ ಸಂಕೇತ ಬಂತು ಎಂಬುದನ್ನು ಬರೆದು ತೋರಿಸಿ, ಬೋರ್ಡಿನ ಯಾವ ಭಾಗ ಹೋಗಿದೆ ಎಂದು ಮೀಟರ್ ಇಟ್ಟು ತೋರಿಸಲು ಕೇಳಿ. ಸಿಂಕಿನ ಕೆಳಗಿನ ಪೈಪುಗಳ ಫೋಟೋ ಮತ್ತು ಆ ಸಂಕೇತವನ್ನು ಇಲ್ಲಿ ಹಾಕಿದರೆ ಮುಂದಿನದನ್ನು ನೋಡಿ ಬರೆಯುತ್ತೇನೆ.