ಮೆಕ್ಯಾನಿಕಲ್ ತಲೆ ನನಗಿದೆಯಾ ಇಲ್ವಾ ಅಂತ ತಿಳಿಯುವುದು ಹೇಗೆ?

ನಿಮ್ಮ ಪ್ರಶ್ನೆ ಓದಿದೆ. ಐಟಿಐ ಫಿಟ್ಟರ್ ಮುಗಿಸಿದ್ದೀರಿ. ರೈಲ್ವೆಯ ಅಸಿಸ್ಟೆಂಟ್ ಲೋಕೋ ಪೈಲಟ್ ಪರೀಕ್ಷೆಗೆ ಓದುತ್ತಿದ್ದೀರಿ. ಮೊಬೈಲಿನಲ್ಲಿ ಸಿಕ್ಕ ಒಂದು ಮೆಕ್ಯಾನಿಕಲ್ ಆಪ್ಟಿಟ್ಯೂಡ್ ಟೆಸ್ಟ್ (ರಾಟೆ, ಗೇರ್ ಇಂಥವುಗಳ ಚಿತ್ರ ಕೊಟ್ಟು ಏನಾಗುತ್ತದೆ ಅಂತ ಕೇಳುವ ಪರೀಕ್ಷೆ) ಬರೆದಿರಿ, 30ಕ್ಕೆ 11 ಬಂತು. ಹತ್ತನೇ ಕ್ಲಾಸಿನಿಂದಲೂ ಫಿಸಿಕ್ಸ್ ಅಂದರೆ ಭಯ, ಈ ತಲೆ ಹುಟ್ಟಿನಿಂದಲೇ ಬರಬೇಕಾ ಅಂತ ಕೇಳಿದ್ದೀರಿ.

ಬರಬೇಕಾಗಿಲ್ಲ. ನಿಮಗೆ ಧೈರ್ಯ ಬರಲಿ ಅಂತ ಸುಮ್ನೆ ಹೇಳುತ್ತಿಲ್ಲ. ನಾನೂ ಐಟಿಐ ಫಿಟ್ಟರ್. ಹದಿನಾರು ವರ್ಷದಿಂದ ಮೆಂಟೆನೆನ್ಸ್ ಕೆಲಸದಲ್ಲಿದ್ದೇನೆ. ಈಗ ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ಕೆಲಸ ಕಲಿಸುತ್ತೇನೆ. ನನ್ನ ಮೊದಲ ಇಂಟರ್‌ವ್ಯೂನಲ್ಲಿ ಒಬ್ಬರು ಕೇಳಿದರು: ‘ಬಾವಿ ರಾಟೆಯಲ್ಲಿ 15 ಕೆಜಿ ತೂಕದ ಕೊಡ ಸೇದುತ್ತೀಯ. ಎಷ್ಟು ಬಲ ಬೇಕು?’ ಏಳೂವರೆ ಕೆಜಿ ಅಂದೆ. ರಾಟೆ ಇದ್ದರೆ ಭಾರ ಅರ್ಧ ಆಗುತ್ತದೆ ಅಂತ ಎಲ್ಲೋ ಓದಿದ್ದೆ. ಚಿಕ್ಕಂದಿನಿಂದ ಊರ ಬಾವಿಯಲ್ಲಿ ನೀರು ಸೇದಿದ್ದೇನೆ. ತುಂಬಿದ ಕೊಡ ಎಷ್ಟು ಭಾರ ಅಂತ ಕೈಗೆ ಚೆನ್ನಾಗಿ ಗೊತ್ತಿತ್ತು. ಆದರೆ ಅವತ್ತು ಕೈಯನ್ನು ಕೇಳಲೇ ಇಲ್ಲ, ಅರ್ಧಂಬರ್ಧ ನೆನಪಿದ್ದ ಪುಸ್ತಕವನ್ನು ನಂಬಿದೆ. ಆ ಕೆಲಸ ಸಿಗಲಿಲ್ಲ.

ಮೇಲೆ ಕಟ್ಟಿದ ಒಂದೇ ರಾಟೆ ಬಲ ಕಮ್ಮಿ ಮಾಡುವುದಿಲ್ಲ, ದಿಕ್ಕು ಮಾತ್ರ ಬದಲಿಸುತ್ತದೆ. ಮೇಲಕ್ಕೆ ಎತ್ತುವ ಬದಲು ಕೆಳಕ್ಕೆ ಎಳೆಯಬಹುದು. ನಮ್ಮ ಮೈಭಾರವೂ ಸಹಾಯಕ್ಕೆ ಬರುತ್ತದೆ, ಅದಕ್ಕೇ ಸುಲಭ ಅನ್ನಿಸುತ್ತದೆ. 15 ಕೆಜಿ ಕೊಡಕ್ಕೆ 15 ಕೆಜಿ ಬಲವೇ ಬೇಕು, ಹಗ್ಗ ಮತ್ತು ರಾಟೆಯ ಘರ್ಷಣೆಗೆ ಇನ್ನೊಂದಿಷ್ಟು. ಹಾಗಾದರೆ ಏಳೂವರೆ ಸಾಕಾಗುವುದು ಯಾವಾಗ? ರಾಟೆಯನ್ನೇ ಕೊಡಕ್ಕೆ ಕಟ್ಟಿ, ಹಗ್ಗದ ಒಂದು ತುದಿಯನ್ನು ಮೇಲಿನ ತೊಲೆಗೆ ಬಿಗಿದು, ಇನ್ನೊಂದು ತುದಿಯನ್ನು ನೀವು ಮೇಲಕ್ಕೆ ಎಳೆದಾಗ. ಆಗ ಭಾರವನ್ನು ಹಗ್ಗದ ಎರಡು ಎಳೆ ಹೊರುತ್ತವೆ. ಆದರೆ ಕೊಡ ಒಂದು ಮೀಟರ್ ಮೇಲೆ ಬರಬೇಕಾದರೆ ನೀವು ಎರಡು ಮೀಟರ್ ಹಗ್ಗ ಎಳೆಯಬೇಕು.

ಈ ಕೊನೆಯ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಬಲ ಕಮ್ಮಿ ಬೇಕು ಅಂದರೆ ದೂರ ಜಾಸ್ತಿ ಹೋಗಬೇಕು. ಹಾರೆ, ಜಾಕ್, ಸ್ಕ್ರೂ, ಚೈನ್ ಬ್ಲಾಕ್, ಲಾರಿಗೆ ಡ್ರಮ್ ಉರುಳಿಸಲು ಇಡುವ ಹಲಗೆ, ಎಲ್ಲದರಲ್ಲೂ ಇದೇ ಲೆಕ್ಕ. ಅದಕ್ಕೇ ನಾನು ಕಲಿಯಲು ಬಂದವರಿಗೆ ಹೇಳುವುದು: ಚಿತ್ರ ನೋಡಿದ ಕೂಡಲೇ ಬಲ ಎಷ್ಟು ಅಂತ ಯೋಚಿಸಬೇಡಿ. ಬಲ ಕಣ್ಣಿಗೆ ಕಾಣುವುದಿಲ್ಲ. ಇದು ಇಷ್ಟು ಸರಿದರೆ ಅದು ಎಷ್ಟು ಸರಿಯುತ್ತದೆ ಅಂತ ಕೇಳಿಕೊಳ್ಳಿ. ಸರಿಯುವುದು ಕಾಣುತ್ತದೆ. ಹೈಡ್ರಾಲಿಕ್ ಜಾಕ್‌ನಲ್ಲಿ ಚಿಕ್ಕ ಪಿಸ್ಟನ್ನಿನ ವಿಸ್ತೀರ್ಣ ಒಂದು ಚದರ ಸೆಂಟಿಮೀಟರ್, ದೊಡ್ಡದು 20 ಅಂತ ಇಟ್ಟುಕೊಳ್ಳಿ. ಚಿಕ್ಕದನ್ನು 20 ಸೆಂಟಿಮೀಟರ್ ಒತ್ತಿದರೆ ಅಲ್ಲಿಂದ ಹೋದ ಎಣ್ಣೆ ದೊಡ್ಡದನ್ನು ಒಂದೇ ಸೆಂಟಿಮೀಟರ್ ಎತ್ತುತ್ತದೆ. ದೂರ 20 ಪಟ್ಟು ಕಮ್ಮಿಯಾಯಿತು. ಹಾಗಾದರೆ ಬಲ 20 ಪಟ್ಟು ಜಾಸ್ತಿ. ಸೂತ್ರ ಬಾಯಿಪಾಠ ಮಾಡುವ ಅಗತ್ಯವೇ ಬರಲಿಲ್ಲ, ಅಲ್ವಾ?

ಗೇರ್‌ನಲ್ಲೂ ಅಷ್ಟೇ. 20 ಹಲ್ಲಿನದು 60 ಹಲ್ಲಿನದನ್ನು ತಿರುಗಿಸಿದರೆ ಚಿಕ್ಕದು ಮೂರು ಸುತ್ತು, ದೊಡ್ಡದು ಒಂದು ಸುತ್ತು. ತಿರುಗಿಸುವ ಬಲ ಮೂರು ಪಟ್ಟು. ನಡುವೆ ಇನ್ನೊಂದು ಗೇರ್ ತುರುಕಿದರೆ? ದಿಕ್ಕು ಬದಲಾಗುತ್ತದೆ, ಲೆಕ್ಕ ಬದಲಾಗುವುದಿಲ್ಲ. ಮೂರು ಗೇರ್ ಒಂದಕ್ಕೊಂದು ತಾಗುವ ಹಾಗೆ ತ್ರಿಕೋನದಲ್ಲಿ ಕೂರಿಸಿದ ಚಿತ್ರ ಕೊಟ್ಟು ‘ಕೊನೆಯದು ಯಾವ ಕಡೆ ತಿರುಗುತ್ತದೆ’ ಅಂತ ಕೇಳಿದರೆ, ಯಾವ ಕಡೆಗೂ ಇಲ್ಲ. ಜಾಮ್ ಆಗುತ್ತದೆ. ಒಂದೊಂದರ ಮೇಲೂ ಬಾಣದ ಗುರುತು ಹಾಕುತ್ತಾ ಹೋಗಿ, ಮೂರನೆಯದರಲ್ಲಿ ಎರಡು ಬಾಣ ಎದುರುಬದುರಾಗುತ್ತವೆ.

ಈಗ ನಿಮ್ಮನ್ನು ನೀವೇ ಪರೀಕ್ಷೆ ಮಾಡಿಕೊಳ್ಳುವ ವಿಷಯ. ಮೊಬೈಲ್ ಟೆಸ್ಟ್ ಸರಿ ತಪ್ಪು ಹೇಳುತ್ತದೆ, ಎಲ್ಲಿ ಎಡವಿದಿರಿ ಅಂತ ಹೇಳುವುದಿಲ್ಲ. ಅದಕ್ಕಿಂತ ಮನೆಯಲ್ಲಿರುವ ವಸ್ತುಗಳೇ ಒಳ್ಳೆಯ ಮೇಷ್ಟ್ರು. ಒಂದು ನೋಟ್‌ಬುಕ್ ಇಡಿ. ಏನಾಗುತ್ತದೆ ಅಂತ ಮೊದಲು ಬರೆಯಿರಿ. ಯಾಕೆ ಅಂತ ಒಂದು ಸಾಲು ಬರೆಯಿರಿ. ಆಮೇಲೆ ಮಾಡಿ ನೋಡಿ. ಬರೆಯದೆ ಮಾಡಿದರೆ ಪ್ರಯೋಜನ ಇಲ್ಲ. ಆದದ್ದನ್ನು ನೋಡಿದ ಮೇಲೆ ‘ನನಗೆ ಗೊತ್ತಿತ್ತು’ ಅಂತ ಮನಸ್ಸು ಹೇಳಿಬಿಡುತ್ತದೆ.

ಶುರುವಿಗೆ ಒಂದು ನಿಂಬೆಹಣ್ಣು ಸಾಕು. ಅಂಗಳದಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ. ನಿಂಬೆಹಣ್ಣನ್ನು ಸೊಂಟದ ಎತ್ತರದಲ್ಲಿ ಹಿಡಿದು ಬಿರುಸಾಗಿ ನಡೆಯಿರಿ. ನಿಲ್ಲದೆ, ಎಸೆಯದೆ, ಸುಮ್ನೆ ಕೈ ಬಿಟ್ಟು ಅದು ಗುರುತಿನ ಮೇಲೆ ಬೀಳುವ ಹಾಗೆ ಮಾಡಬೇಕು. ಎಲ್ಲಿ ಬಿಡುತ್ತೀರಿ? ಗುರುತಿನ ನೇರಕ್ಕೆ ಬಂದಾಗ ಅಂತ ತುಂಬಾ ಜನ ಹೇಳುತ್ತಾರೆ. 1983ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಮೈಕೆಲ್ ಮೆಕ್ಲಾಸ್ಕಿ ಮತ್ತು ಜೊತೆಗಾರರು ಕಾಲೇಜು ವಿದ್ಯಾರ್ಥಿಗಳ ಮೇಲೆ ಇಂಥದ್ದನ್ನೇ ಪರೀಕ್ಷಿಸಿದ್ದರು. ಕೈ ಬಿಟ್ಟದ್ದು ನೆಟ್ಟಗೆ ಕೆಳಗೆ ಬೀಳುತ್ತದೆ ಅಂತಲೇ ಅಲ್ಲೂ ಬಹಳ ಜನ ನಂಬಿದ್ದರು. ನಿಜವಾಗಿ ನಿಂಬೆಹಣ್ಣಿಗೆ ನಿಮ್ಮ ನಡಿಗೆಯ ವೇಗ ಮೊದಲೇ ಇರುತ್ತದೆ. ಒಂದು ಮೀಟರ್ ಬೀಳಲು ಸುಮಾರು 0.45 ಸೆಕೆಂಡ್ ಬೇಕು. ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ಅಷ್ಟರೊಳಗೆ ಎರಡಡಿ ಮುಂದೆ ಹೋಗಿರುತ್ತದೆ. ಅಂದರೆ ಗುರುತಿಗೆ ಎರಡಡಿ ಮೊದಲೇ ಬಿಡಬೇಕು. ನಾಲ್ಕು ಸಲ ಮಾಡಿದರೆ ಕೈ ತಾನಾಗಿ ಕಲಿಯುತ್ತದೆ. ಪುಸ್ತಕದಲ್ಲಿ ಜಡತ್ವ ಅನ್ನುವುದು ಇದನ್ನೇ.

ಇನ್ನೊಂದು ಪ್ರಶ್ನೆಯನ್ನು ನಾನು ಎಲ್ಲರಿಗೂ ಕೇಳುತ್ತೇನೆ. ಒಂದೇ ಎತ್ತರದಲ್ಲಿ ಎರಡು ಟ್ಯಾಂಕ್ ಇವೆ. ಒಂದು 500 ಲೀಟರಿನದು, ಒಂದು 2000 ಲೀಟರಿನದು. ಎರಡರಲ್ಲೂ ನೀರಿನ ಮಟ್ಟ ಒಂದೇ. ಮುಚ್ಚಿದ ನಲ್ಲಿಯ ಹತ್ತಿರ ಒತ್ತಡ ಯಾವುದರಲ್ಲಿ ಜಾಸ್ತಿ? ಎರಡರಲ್ಲೂ ಒಂದೇ. ಟ್ಯಾಂಕ್ ಎಷ್ಟು ದೊಡ್ಡದು ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ, ನೀರಿನ ಮಟ್ಟ ನಲ್ಲಿಗಿಂತ ಎಷ್ಟು ಮೇಲಿದೆ ಅನ್ನುವುದಷ್ಟೇ ಬರುತ್ತದೆ. ಹತ್ತು ಮೀಟರ್ ನೀರು ಅಂದರೆ ಹೆಚ್ಚೂಕಮ್ಮಿ ಒಂದು ಚದರ ಸೆಂಟಿಮೀಟರಿಗೆ ಒಂದು ಕೆಜಿ. ಮೇಲಿನ ಮಹಡಿಯ ಶವರ್‌ನಲ್ಲಿ ನೀರು ಸಣ್ಣಗೆ ಬರುವುದಕ್ಕೆ ಮುಖ್ಯ ಕಾರಣ ಇದೇ. ದೊಡ್ಡ ಟ್ಯಾಂಕ್ ತಂದಿಟ್ಟರೆ ಸರಿಹೋಗುವುದಿಲ್ಲ, ಟ್ಯಾಂಕನ್ನು ಎತ್ತರಿಸಬೇಕು ಅಥವಾ ಪಂಪ್ ಹಾಕಬೇಕು.

ಮೂರನೆಯದು ಸೈಕಲ್. ನನಗೆ ತುಂಬಾ ಇಷ್ಟವಾದ ಪರೀಕ್ಷೆ ಇದು. ಮೊದಲು ನೋಡದೆ ಚಿತ್ರ ಬರೆಯಿರಿ: ಫ್ರೇಮ್, ಪೆಡಲ್, ಚೈನ್ ಎಲ್ಲೆಲ್ಲಿ ಇವೆ ಅಂತ. ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾಲಯದ ರೆಬೆಕಾ ಲಾಸನ್ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವರು ಚೈನನ್ನು ಮುಂದಿನ ಚಕ್ರಕ್ಕೂ ಸುತ್ತಿದ್ದರು. ಹಾಗಿದ್ದರೆ ಹ್ಯಾಂಡಲ್ ತಿರುಗಿಸುವುದು ಹೇಗೆ? ದಿನಾ ನೋಡುವುದು ಬೇರೆ, ಅರ್ಥ ಮಾಡಿಕೊಂಡಿರುವುದು ಬೇರೆ ಅಂತ ನನಗೆ ಮನದಟ್ಟಾದದ್ದು ಆ ವಿಷಯ ಓದಿದಾಗ.

ಆಮೇಲೆ ಹಲ್ಲು ಎಣಿಸಿ. ನನ್ನ ಹಳೆಯ 28 ಇಂಚಿನ ಸೈಕಲ್ಲಿಗೆ ಮುಂದೆ 44, ಹಿಂದೆ 18. ಪೆಡಲ್ ಒಂದು ಸುತ್ತು ತಿರುಗಿದರೆ ಚಕ್ರ 2.44 ಸುತ್ತು, ನೆಲದ ಮೇಲೆ ಸುಮಾರು ಐದೂವರೆ ಮೀಟರ್. ಪೆಡಲ್ ತಾನು ಹೋದದ್ದು ಒಂದು ಮೀಟರಿಗೆ ಸ್ವಲ್ಪ ಜಾಸ್ತಿ, ಅಷ್ಟೇ. ಈಗ ಪ್ರಶ್ನೆ. ಸೈಕಲ್ ನಿಲ್ಲಿಸಿ, ಬೀಳದ ಹಾಗೆ ಒಬ್ಬರು ಸೀಟನ್ನು ಹಗುರವಾಗಿ ಹಿಡಿಯಲಿ. ಒಂದು ಪೆಡಲ್ ಪೂರ್ತಿ ಕೆಳಗಿರಲಿ. ಅದಕ್ಕೆ ಹಗ್ಗ ಕಟ್ಟಿ ಹಿಂದಿನಿಂದ ನೇರವಾಗಿ ಹಿಂದಕ್ಕೆ ಎಳೆಯಿರಿ. ಸೈಕಲ್ ಯಾವ ಕಡೆ ಹೋಗುತ್ತದೆ?

ಕೆಳಗಿನ ಪೆಡಲ್ ಹಿಂದಕ್ಕೆ ಹೋಗುವುದು ಅಂದರೆ ಮುಂದಕ್ಕೆ ತುಳಿದ ಹಾಗೆ, ಆದ್ದರಿಂದ ಸೈಕಲ್ ಮುಂದೆ ಹೋಗುತ್ತದೆ ಅಂತ ನಾನೂ ಅಂದುಕೊಂಡಿದ್ದೆ. ಹೋಗುವುದು ಹಿಂದಕ್ಕೆ. ಮತ್ತೆ ದೂರದ ಲೆಕ್ಕವನ್ನೇ ಹಿಡಿಯಿರಿ. ಸೈಕಲ್ ಮುಂದೆ ಹೋಗಿದ್ದರೆ, ಪೆಡಲ್ ಒಂದು ಅಡಿ ಹಿಂದಕ್ಕೆ ತಿರುಗುವಷ್ಟರಲ್ಲಿ ಇಡೀ ಸೈಕಲ್ ಐದು ಅಡಿ ಮುಂದೆ ಹೋಗಿರುತ್ತಿತ್ತು. ಒಟ್ಟಿನಲ್ಲಿ ಪೆಡಲ್ಲೂ ನಾಲ್ಕು ಅಡಿ ಮುಂದೆ. ಅಂದರೆ ನೀವು ಹಿಂದಕ್ಕೆ ಎಳೆದ ಹಗ್ಗ ಮುಂದಕ್ಕೆ ಹೋಗಬೇಕು! ಎಳೆದ ಕಡೆಗೇ ಹಗ್ಗ ಬರಬೇಕಾದರೆ ಸೈಕಲ್ ಹಿಂದೆ ಬರಲೇಬೇಕು. ಇದನ್ನು ಕಣ್ಣಾರೆ ನೋಡಿದ ದಿನ ನನಗೆ ಆದ ಸಂತೋಷ ಇನ್ನೂ ನೆನಪಿದೆ.

ಇನ್ನು ನಿಮ್ಮ ಆ 11 ಅಂಕ. ತಪ್ಪಾದ 19 ಪ್ರಶ್ನೆಗಳನ್ನು ಟೈಮ್ ನೋಡದೆ ಮತ್ತೆ ತೆಗೆದು ನೋಡಿ. ಕೆಲವು ಈಗ ತಾನಾಗಿ ಬರುತ್ತವೆ, ಅವು ಅವಸರದ ತಪ್ಪು. ಕೆಲವು ವಿಷಯವೇ ಗೊತ್ತಿಲ್ಲದವು, ಓದಿದರೆ ಬರುತ್ತವೆ. ಖಂಡಿತ ಸರಿ ಅಂತ ಬರೆದು ತಪ್ಪಾದವು ಕೆಲವಿರುತ್ತವೆ. ಜಾಸ್ತಿ ಸಮಯ ಕೊಡಬೇಕಾದದ್ದು ಇವುಗಳಿಗೆ. ನನ್ನ ರಾಟೆಯ ಉತ್ತರ ಈ ಜಾತಿಯದು. ಇಂಥದ್ದು ಓದಿದರಷ್ಟೇ ಹೋಗುವುದಿಲ್ಲ. ಹಗ್ಗ ಕಟ್ಟಿ ಎಳೆದು, ನೀರು ತುಂಬಿಸಿ ನೋಡಿದರೆ ಹೋಗುತ್ತದೆ.

ಟೈಮ್ ಬಗ್ಗೆಯೂ ಒಂದು ಮಾತು. 1940ರಲ್ಲಿ ಬಂದ, ಮೆಕ್ಯಾನಿಕಲ್ ತಿಳಿವಳಿಕೆ ಅಳೆಯುವ ಬೆನೆಟ್ ಟೆಸ್ಟಿನ ಕಾಲದಿಂದಲೂ ಇಂಥ ಚಿತ್ರದ ಪ್ರಶ್ನೆಗಳು ಬೇಗ ಉತ್ತರ ಕೇಳುತ್ತವೆ. ನಿಮ್ಮ ರೈಲ್ವೆ ಪರೀಕ್ಷೆಯ ಎರಡನೇ ಹಂತದ ಮೊದಲ ಭಾಗದಲ್ಲಿ 90 ನಿಮಿಷಕ್ಕೆ 100 ಪ್ರಶ್ನೆ, ಒಂದಕ್ಕೆ 54 ಸೆಕೆಂಡ್. ತಪ್ಪಾದರೆ ಮೂರನೇ ಒಂದು ಅಂಕ ಕಳೆಯುತ್ತಾರೆ. ಸನ್ನೆಕೋಲು, ಸರಳ ಯಂತ್ರ, ಕೆಲಸ, ಶಕ್ತಿ ಎಲ್ಲ ಅದರ ಸಿಲಬಸ್‌ನಲ್ಲೇ ಇವೆ. ಆದರೂ ಮೊದಲ ಮೂರು ವಾರ ಗಡಿಯಾರ ಪಕ್ಕಕ್ಕಿಡಿ. ಅರ್ಥವಾದದ್ದಕ್ಕೆ ವೇಗ ಆಮೇಲೆ ಬರುತ್ತದೆ.

ಸೈಕಲ್ ಪರೀಕ್ಷೆಯನ್ನು ಈ ಭಾನುವಾರವೇ ಮಾಡಿ. ಅದು ಮುಗಿದ ಮೇಲೆ ಅದೇ ಪೆಡಲ್ಲನ್ನು ಪೂರ್ತಿ ಮೇಲಕ್ಕೆ ತಂದು, ಮತ್ತೆ ಹಗ್ಗ ಕಟ್ಟಿ ಹಿಂದಕ್ಕೆ ಎಳೆಯಿರಿ. ಈ ಸಲ ಆಗುವುದೇ ಬೇರೆ. ಎಳೆಯುವ ಮೊದಲು ಹಿಂದಿನ ಚಕ್ರದ ಫ್ರೀವೀಲ್ ಯಾವ ಕಡೆಗೆ ಹಿಡಿಯುತ್ತದೆ, ಯಾವ ಕಡೆಗೆ ಕಟಕಟ ಅಂತ ಸುಮ್ನೆ ತಿರುಗುತ್ತದೆ ಅಂತ ನೋಡಿಕೊಳ್ಳಿ. ನೀವು ಮೊದಲು ಬರೆದದ್ದೇನು, ಆದದ್ದೇನು ಅಂತ ಕೆಳಗೆ ಬರೆಯಿರಿ, ನಾನು ಓದುತ್ತೇನೆ.