ಲಾಭ ಇದೆ, ಕೈಯಲ್ಲಿ ದುಡ್ಡು ಮಾತ್ರ ಇಲ್ಲ

ನಮಸ್ಕಾರ. ಆರ್ಡರ್ ಎರಡು ಪಟ್ಟಾಗಿದೆ, ಲೆಕ್ಕದಲ್ಲಿ ಲಾಭ ಕಾಣುತ್ತದೆ, ಆದರೂ ಸಂಬಳ ಕೊಡಲು ಸಾಲ ಮಾಡಬೇಕಾಯಿತು, ದುಡ್ಡು ಎಲ್ಲಿ ಸೋರುತ್ತಿದೆ ಅಂತ ಕೇಳಿದ್ದೀರಿ. ನನಗನ್ನಿಸುವಂತೆ ಎಲ್ಲೂ ಸೋರುತ್ತಿಲ್ಲ. ಅದು ಗಿರಾಕಿಗಳ ಹತ್ತಿರ ಕೂತಿದೆ. ಸಾಮಾನು, ಕೂಲಿಗೆ ತಕ್ಷಣ ಕೊಡುತ್ತೇನೆ, ಗಿರಾಕಿಗಳಿಗೆ 60 ದಿನ ಉದ್ರಿ ಕೊಡುತ್ತೇನೆ ಅಂತ ನೀವೇ ಬರೆದಿದ್ದೀರಿ ಅಲ್ವಾ?

ಒಂದು ವಸ್ತುವಿಗೆ ಖರ್ಚು 80, ಮಾರುವ ಬೆಲೆ 100 ಅಂತ ಇಟ್ಟುಕೊಳ್ಳಿ. ಮೊದಲ ತಿಂಗಳು 10, ಎರಡನೇ ತಿಂಗಳು 20 ಮಾರಿದಿರಿ. ಪುಸ್ತಕದಲ್ಲಿ ಲಾಭ 600. ಆದರೆ ಅಷ್ಟರಲ್ಲಿ ಕೈಯಿಂದ ಹೋಗಿದ್ದು 2,400, ಕೈಗೆ ಬಂದಿದ್ದು ಸೊನ್ನೆ! ಮೂರನೇ ತಿಂಗಳು ಮೊದಲಿನ 1,000 ಬರುತ್ತದೆ ನಿಜ. ಅಷ್ಟರಲ್ಲಿ ಮತ್ತೆ 20ಕ್ಕೆ 1,600 ಹಾಕಿರುತ್ತೀರಿ. ಈಗ ಕೊರತೆ 3,000. ಹಾಕಿದ ದುಡ್ಡು ವಾಪಸ್ ಬರುವ ತನಕ ವ್ಯಾಪಾರ ನಡೆಸಲು ಬೇಕಾಗುವ ಇಂಥ ದುಡ್ಡಿಗೇ ದುಡಿಯುವ ಬಂಡವಾಳ ಅನ್ನುವುದು. ವ್ಯಾಪಾರ ಬೆಳೆಯುವಾಗಲೇ ಇದು ಜಾಸ್ತಿ ಬೇಕಾಗುತ್ತದೆ. ಒಳ್ಳೆಯ ಕೆಲಸಗಾರರು ಇದು ಸಾಲದೇ ಅಂಗಡಿ ಮುಚ್ಚುವುದು ನೋಡಿದರೆ ಬೇಜಾರಾಗುತ್ತದೆ.

ಹೊಸ ಆರ್ಡರಿಗೆ ಅರ್ಧ ಮುಂಗಡ ಕೇಳಿ, ಸಂಕೋಚ ಬೇಡ. ಸಾಮಾನು ಕೊಡುವವರ ಹತ್ತಿರ 30 ದಿನ ಗಡುವು ಕೇಳಿ. ಬೇಗ ಕೊಟ್ಟವರಿಗೆ ರಿಯಾಯಿತಿ ಅಂತ ಸುಮ್ನೆ ಹೇಳಿಬಿಡಬೇಡಿ. 30 ದಿನ ಮುಂಚೆ ಬರಲಿ ಅಂತ 2% ಬಿಟ್ಟರೆ, ವರ್ಷಕ್ಕೆ ಸುಮಾರು 24% ಬಡ್ಡಿ ಕಟ್ಟಿದ ಹಾಗೆ.

ಇವತ್ತೇ ಒಂದು ಹಾಳೆ ತೆಗೆದುಕೊಂಡು ಮುಂದಿನ 12 ವಾರ ಬರೆಯಿರಿ. ಒಂದು ಕಡೆ ದುಡ್ಡು ಬರುವ ತಾರೀಖು, ಇನ್ನೊಂದು ಕಡೆ ಹೋಗುವ ತಾರೀಖು. ಯಾವ ವಾರ ಕೈ ಖಾಲಿಯಾಗುತ್ತದೆ ಅಂತ ಈಗಲೇ ಕಾಣುತ್ತದೆ.